ಕಂಪ್ಯೂಟರ್ ಮುಂದ ಕೂಡೋರು ನಾವು, ಡೆಸ್ಕ್‌ಟಾಪ್ ಆರಿಸೋರು ಅವರ್ಯಾಕ?

ಸಂಕ್ರಮಣಕ್ಕ ನಮ್ಮ ಮನ್ಯಾಗ ಜಗಳ ಆತು ಅಂತ ಓಣಿಗೆಲ್ಲಾ ಗೊತ್ತಾಗೇದ. ಇಬ್ಬರು ವೈನಿಯರು ಫೋನ್ ಮಾಡಿ ಕೇಳಿದ್ರು. ನಾದಿನಿ ಪುಣೇದಿಂದ ಕೇಳಿದ್ಲು, "ಹಬ್ಬದ ದಿವಸ ಮಗನ್ನ ಬೈದಿಯಂತಲ್ಲ, ಅದೂ ಕಂಪ್ಯೂಟರ್ ಸಲವಾಗಿ?" ಅಂತ. ಬೈದೀನಿ, ಖರೇ. ಇನ್ನೊಮ್ಮೆ ಹಂಗ ಮಾಡಿದ್ರ ಇನ್ನೊಮ್ಮೆ ಬೈತೀನಿ. ಆದ್ರ ಯಾಕ ಬೈದೆ ಅನ್ನೋದನ್ನ ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋದಕ್ಕಿಂತ ಇಲ್ಲೇ ಒಮ್ಮೆ ಬರದು ಬಿಟ್ರ ಛೊಲೊ ಅನ್ನಿಸ್ತು. ನಿಮ್ಮ ಮನ್ಯಾಗೂ ಇಂಥಾ ಹುಡುಗ್ರು ಇದ್ದಾರ, ನನಗ ಗೊತ್ತದ.

ನಾನು ರೊಟ್ಟಿ, ಹೋಳಿಗಿ, ಚಟ್ನಿಪುಡಿ ಮಾಡಿ ಕೊಡ್ತೀನಲ್ಲ, ಅದರ ಲೆಕ್ಕ ಮೊದಲು ವಹಿಯೊಳಗ ಬರ್ಕೋತಿದ್ದೆ. ಮಂದಿ ಹೆಚ್ಚಾದ ಮ್ಯಾಲೆ ಕಂಪ್ಯೂಟರಿಗೆ ಹಾಕಿದೆ. ಯಾರಿಗೆ ಎಷ್ಟು, ಯಾವತ್ತಿಗೆ ಬೇಕು, ಮುಂಗಡ ಎಷ್ಟು ಕೊಟ್ಟಾರ, ಬಾಕಿ ಎಷ್ಟು ಎಲ್ಲಾ ಸಾಲಿಗೆ ಬರದ್ರ ಕೆಳಗ ಒಟ್ಟು ತಾನಽ ಬರ್ತದ. ಶೇಂಗಾ ಎಷ್ಟು ತರಸಬೇಕು, ಬೆಲ್ಲ ಎಷ್ಟು ಅನ್ನೋದೂ ಅದರಾಗಽ ತಿಳೀತದ. ಮೂರು ವರ್ಷದ ಗಿರಾಕಿಗಳ ಫೋನ್ ನಂಬರ್ ಅದರಾಗ ಅವ.

ಕಂಪ್ಯೂಟರ್ ಹಳೇದು. ಹತ್ತು ವರ್ಷದ ಮ್ಯಾಲಾತು, 4 ಜಿಬಿ ರ‍್ಯಾಮಿಂದು. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಮಾಮೂಲಿ ಅಪ್‌ಡೇಟ್ ನಿಂತ್ವು. ವಿಂಡೋಸ್ 11 ಹಾಕಬೇಕಂದ್ರ ಟಿಪಿಎಮ್ 2.0 ಅನ್ನೋದು ಬೇಕಂತ, ಪ್ರೊಸೆಸರೂ ಹೊಸಾದಿರಬೇಕಂತ. ನಮ್ಮದರಾಗ ಎರಡೂ ಇಲ್ಲ. ಅಂಗಡಿಯವ ಹೊಸಾದಽ ತಗೋರಿ ಅಂದ. ಮಗಾ ದೀಪಾವಳಿಗೆ ಬೆಂಗಳೂರಿಂದ ಬಂದಾಗ ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟ್ ಹಾಕಿ ಕೊಟ್ಟ. ಒಂದು ಪೈಸಾ ಖರ್ಚಾಗ್ಲಿಲ್ಲ. ಅಷ್ಟಕ್ಕ ಅವನ್ನ ಹೊಗಳ್ತೀನಿ, ಇಲ್ಲ ಅನ್ನಂಗಿಲ್ಲ.

ಅದರಾಗ ಸಿನಮನ್ ಅನ್ನೋ ಡೆಸ್ಕ್‌ಟಾಪ್ ಇತ್ತು. ಸಿನಮನ್ ಅಂದ್ರ ದಾಲ್ಚಿನ್ನಿ, ಹೆಸರು ಕೇಳೇ ನನಗ ನಗಿ ಬಂತು. ಕೆಳಗ ಒಂದು ಪಟ್ಟಿ, ಎಡಕ್ಕ ಮೂಲ್ಯಾಗ ಮೆನು, ಬಲಕ್ಕ ಗಡಿಯಾರ. ಮೊದಲಿನ್ಹಂಗಽ. ನನ್ನ ಆರ್ಡರಿನ ಫೈಲನ್ನ ಮುಂದಽ ಇಟ್ಕೊಂಡಿದ್ದೆ, ಕಂಪ್ಯೂಟರ್ ಹಚ್ಚಿದ ಕೂಡಲೇ ಕಣ್ಣಿಗೆ ಬೀಳೋಹಂಗ. ಒಂದು ವಾರದಾಗ ರೂಢಿ ಆತು. ಕನ್ನಡ ಬರಿಯೋದೂ ಅವನೇ ಕೂಡಿಸಿ ಕೊಟ್ಟಿದ್ದ.

ಸಂಕ್ರಮಣಕ್ಕ ಅಂವ ಮತ್ತ ಬಂದ. ಭೋಗಿ ಹಿಂದಿನ ರಾತ್ರಿ ನಾವೆಲ್ಲಾ ಮಲಗಿದ ಮ್ಯಾಲೆ ಕಂಪ್ಯೂಟರ್ ಮುಂದ ಕೂತು "ಸುಧಾರಣಾ" ಮಾಡ್ಯಾನ. ಭೋಗಿ ಮುಂಜಾನೆ 5ಕ್ಕ ಎದ್ದು, ಸಜ್ಜಿ ಹಿಟ್ಟು ಕಲಸಲಿಕ್ಕೆ ನೀರು ಕಾಯಲಿಕ್ಕಿಟ್ಟು, ಯಾರ್ಯಾರಿಗೆ ಎಷ್ಟು ಅಂತ ನೋಡಲಿಕ್ಕೆ ಹೋದೆ. ಕೆಳಗಿನ ಪಟ್ಟಿ ಇಲ್ಲ, ಮೆನು ಇಲ್ಲ. ಮ್ಯಾಲೆ ಹುಡುಕೋ ಜಾಗಾ, ನಡುವ ಒಂದು ಸಣ್ಣ ಚಿತ್ರ, ಕೆಳಗ ಗುರುತಿಲ್ಲದ ಗುರುತುಗಳ ಒಂದು ಸಾಲು. ನಡುವಿನ ಚಿತ್ರ ಒತ್ತಿದ್ರ ಅದಽ ದೊಡ್ಡದಾಗಿ ಬರೇ ನೀಲಿ ಬಣ್ಣ. ನನ್ನ ಫೈಲ್ ಇಲ್ಲ. ಹುಡುಕೋ ಜಾಗಾದಾಗ "ಸಂಕ್ರಮಣ" ಅಂತ ಬರಿಯೋಣಂದ್ರ ಕನ್ನಡ ಮೂಡವಲ್ದು. ಫೈಲಿನ ಹೆಸರು ಕನ್ನಡದಾಗಽ ಅದ!

ಮಗನ್ನ ಎಬ್ಬಿಸಲಿಕ್ಕೆ ಹೋದ್ರ ಅತ್ತಿಯವರು ಬಿಡ್ಲಿಲ್ಲ. "ರಾತ್ರಿ ಮೂರಕ್ಕ ಮಲಗ್ಯಾನ, ಕೂಸು, ಎಬ್ಬಿಸಬ್ಯಾಡ" ಅಂದ್ರು. ಕೂಸಿಗೆ ಇಪ್ಪತ್ನಾಕು ವರ್ಷ. ಆತು ಬಿಡು, ನೆನಪಿನ ಮ್ಯಾಲೆ ಮಾಡೋಣ ಅಂತ ಹಂಚಿಟ್ಟೆ. ಸಜ್ಜಿ ರೊಟ್ಟಿ ಮಾಡಿದೆ, ಶೇಂಗಾ ಹೋಳಿಗಿ ಮಾಡಿದೆ, ಎಲ್ಲಾ ಕಟ್ಟಿಟ್ಟೆ. ಹತ್ತಕ್ಕ ಹಿಂದಿನ ಓಣಿ ಮೌಶಿ ಡಬ್ಬಿ ಹಿಡಕೊಂಡು ಬಂದ್ರು. 40 ಹೋಳಿಗಿ, 25 ಸಜ್ಜಿ ರೊಟ್ಟಿ. ಮಗಳ ಲಗ್ನ ಆದ ಮ್ಯಾಲೆ ಮೊದಲನೇ ಸಂಕ್ರಮಣ, ಬೀಗರ ಮನಿಗೆ ಹೊಂಟಿದ್ರು. 11ರ ಬಸ್ಸು. ಅವರ ಆರ್ಡರ್ ನನಗ ನೆನಪಽ ಆಗಿರ್ಲಿಲ್ಲ.

ಮನಿ ಸಲವಾಗಿ ಇಟ್ಟಿದ್ದು ಹನ್ನೆರಡು ಹೋಳಿಗಿ ಇದ್ವು, ಅವನ್ನ ಕಟ್ಟಿ ಕೊಟ್ಟೆ. ಮೌಶಿ ಏನೂ ಅನ್ಲಿಲ್ಲ. ಅಂದಿದ್ರ ಛೊಲೊ ಇತ್ತು. ಅಷ್ಟು ದೊಡ್ಡ ಡಬ್ಬಿ, ಅದರ ತಳಕ್ಕ ಹನ್ನೆರಡು ಹೋಳಿಗಿ, ಹಂಗಽ ಹಿಡಕೊಂಡು ಹೋದ್ರು.

ಮಗಾ ಎದ್ದು ಬಂದು ಎರಡು ಸಲ ಒತ್ತಿ ಫೈಲ್ ತೆಗೆದು ತೋರಿಸಿದ. "ಎಲ್ಲೂ ಹೋಗಿಲ್ಲಮ್ಮಾ, ಡೆಸ್ಕ್‌ಟಾಪ್ ಫೋಲ್ಡರಿನ್ಯಾಗಽ ಅದ. ಗ್ನೋಮಿನ್ಯಾಗ ಡೆಸ್ಕ್‌ಟಾಪ್ ಮ್ಯಾಲೆ ಫೈಲ್ ಕಾಣಸಂಗಿಲ್ಲ, ಅಷ್ಟಽ. ಇದು ಭಾಳ ಸ್ವಚ್ಛ ಅದ. ನಿನಗ ರೂಢಿ ಆಗ್ತದ."

ಆಗ ಬೈದೆ.

ಈಗ ಸಮಾಧಾನದಿಂದ ಹೇಳ್ತೀನಿ, ಕೇಳ್ರಿ. ಆ ಸಿಟ್ಟಿನ್ಯಾಗಽ ನಾನು ಮಗನ ಕಡೆಯಿಂದ, ಆಮ್ಯಾಲೆ ನಾನಽ ಕೂತು ಓದಿ, ಇದೆಲ್ಲಾ ಏನು ಅಂತ ತಿಳಕೊಂಡೆ. ಲಿನಕ್ಸ್ ಅನ್ನೋದು ಒಳಗಿನ ಯಂತ್ರ. ಡೆಸ್ಕ್‌ಟಾಪ್ ಎನ್ವಿರಾನ್ಮೆಂಟ್ ಅನ್ನೋದು ಅದರ ಮುಂದಿನ ಅಡಗಿಮನಿ ಕಟ್ಟಿ ಇದ್ದಂಗ: ಮೆನು ಎಲ್ಲಿರಬೇಕು, ಕಿಡಕಿ ಮುಚ್ಚೋ ಗುಂಡಿ ಎಲ್ಲಿ, ಫೈಲ್ ಹೆಂಗ ತೆರೀತಾವ, ಗಡಿಯಾರ ಮ್ಯಾಲೋ ಕೆಳಗೋ. ಒಳಗಿನ ಯಂತ್ರ ಅದಽ ಇರ್ತದ, ಫೈರ್‌ಫಾಕ್ಸ್ ಅದಽ, ನಾ ಲೆಕ್ಕ ಬರಿಯೋ ಲಿಬ್ರೆಆಫೀಸೂ ಅದಽ. ಕಟ್ಟಿ ಮ್ಯಾಲೆ ಡಬ್ಬಿ ಇಡೋ ಜಾಗಾ ಬದಲಾಗ್ತದ. ವಿಂಡೋಸಿನ್ಯಾಗ ಕೊಟ್ಟಿದ್ದನ್ನ ತಗೋಬೇಕು. ಇಲ್ಲೆ ಹಂಗಲ್ಲ, ಗ್ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಮಾಟೆ, ಸಿನಮನ್ ಅಂತ ಎಷ್ಟೋ ಅವ, ಎಲ್ಲಾ ಫುಕಟ, ಬೇಕಾದ್ದು ಆರಿಸಿಕೋಬಹುದು. ಇದಕ್ಕಽ ಸ್ವಾತಂತ್ರ್ಯ ಅಂತಾರಂತ. ನನ್ನ ತಕರಾರು ಇಷ್ಟಽ: ಆರಿಸೋ ಸ್ವಾತಂತ್ರ್ಯ ಯಾರದು? ವರ್ಷಕ್ಕ ಎರಡು ಸಲ ಬಂದು ನಾಕು ದಿವಸ ಇದ್ದು ಹೋಗೋರದೋ, ದಿನಾ ಕೂಡೋರದೋ?

ಬೀಗರ ಮನಿಂದ ಬಂದ ನಾದಿನಿ ನಮ್ಮ ಒಗ್ಗರಣಿ ಡಬ್ಬಿ ತೆಗೆದು ನಾಗೊಂದಿ ಮ್ಯಾಲೆ ಇಟ್ಟು "ಕಟ್ಟಿ ಎಷ್ಟು ಸ್ವಚ್ಛ ಕಾಣಸ್ತದ ನೋಡು" ಅಂದ್ರ ನಾವು ಸುಮ್ಮನಿರ್ತೀವೇನು? (ಪುಣೇದಾಕಿ ಓದ್ಲಿಕ್ಕತ್ತಿದ್ರ ಮನಸ್ಸಿಗೆ ಹಚ್ಕೋಬ್ಯಾಡ, ನೀ ಹಂಗ ಮಾಡಿಲ್ಲ.)

"ರೂಢಿ ಆಗ್ತದ" ಅನ್ನೋ ಮಾತಿನ ಮ್ಯಾಲೆ ನನಗ ಎಲ್ಲಾಕ್ಕಿಂತ ಹೆಚ್ಚು ಸಿಟ್ಟು. ಲಗ್ನ ಆದ ಮರುದಿವಸದಿಂದ ಇದನ್ನ ಕೇಳಿಕೋತ ಬಂದೀವಿ. ಅತ್ತಿ ಮನಿ ಸಾರು ರೂಢಿ ಆಗ್ತದ, ಊರು ರೂಢಿ ಆಗ್ತದ, ಸಣ್ಣ ಅಡಗಿಮನಿ ರೂಢಿ ಆಗ್ತದ. ಆಗೇ ಆಗ್ತದ, ಆಗದ ಏನು ಮಾಡ್ತದ. ಆದ್ರ ರೂಢಿ ಮಾಡಿಕೊಳ್ಳೋ ಖರ್ಚು ಯಾವಾಗಲೂ ನಮ್ಮ ತಲಿ ಮ್ಯಾಲೆ ಯಾಕ? ಈ ಸಲ ಆ ಖರ್ಚು ಮೌಶಿ ತಲಿ ಮ್ಯಾಲೂ ಬಿತ್ತು.

ಮಗಾ ಅಂದ, ಹೊಸಾದನ್ನ ಕಂಡ್ರ ಹೆದರೋದು ವಯಸ್ಸಾದವರ ಸ್ವಭಾವ ಅಂತ. ಸುಳ್ಳು. 2011ರಾಗ ಗ್ನೋಮ್ 3 ಬಂದಾಗ ಜಗತ್ತಿನ ತುಂಬ ಪ್ರೋಗ್ರಾಮ್ ಬರಿಯೋ ಗಂಡಸರಽ ಕೂಗಾಡ್ಯಾರ. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಅನ್ನೋ ಮನುಷ್ಯಾನೇ ಆ ವರ್ಷ ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇಗೆ ಹೋದ. (ಮುಂದ ತಿರುಗಿ ಬಂದನಂತ, ಅದು ಬ್ಯಾರೆ ಮಾತು. ಅವನ ಕಂಪ್ಯೂಟರ್, ಅವನ ಖುಷಿ.) ಹಳೇ ಗ್ನೋಮ್ 2 ಬೇಕಂತ ಹಟ ಹಿಡದವರು ಅದನ್ನಽ ಮುಂದುವರಿಸಿ ಮಾಟೆ ಅಂತ ಹೆಸರಿಟ್ಟು ನಡಸ್ಯಾರ. ದಕ್ಷಿಣ ಅಮೇರಿಕಾದಾಗ ಕುಡಿಯೋ ಒಂದು ಕಷಾಯದ ಹೆಸರಂತ ಅದು. ನಮ್ಮ ಸಿನಮನ್ ಸುದ್ಧಾ ಅದಽ ಜಗಳದಾಗ ಹುಟ್ಟಿದ್ದು. ಗ್ನೋಮ್ 3ರ ಹೊಸ ರೀತಿ ತಮ್ಮ ಮಂದಿಗೆ ಆಗಂಗಿಲ್ಲ ಅಂತ ಮಿಂಟಿನವರಽ ಮಾಡಿಕೊಂಡಿದ್ದು. ಅವರು ಕೂಗಾಡಿದ್ರ ಅಭಿಪ್ರಾಯ, ನಾ ಕೂಗಾಡಿದ್ರ ವಯಸ್ಸು.

ಹಂಗಂತ ಗ್ನೋಮ್ ಕೆಟ್ಟದು ಅಂತ ನಾ ಹೇಳ್ತಿಲ್ಲ. ಇಲ್ಲೆ ನನಗಽ ಒಂದು ಪಾಠ ಆತು. ಜಗಳ ಆದ ಮರುದಿವಸ ಅತ್ತಿಯವರು, ಎಂದೂ ಕಂಪ್ಯೂಟರ್ ಮುಟ್ಟದವರು, ಮಗನ ಬಾಜೂಕ ಕೂತು ಅದಽ ಗ್ನೋಮಿನ್ಯಾಗ ಭಜನಿ ವಿಡಿಯೋ ತಾವಽ ಹಚ್ಚಿಕೊಂಡ್ರು! ಅವರಿಗೆ ಗೊತ್ತಿರೋದು ಫೋನ್ ಒಂದಽ. ದೊಡ್ಡ ದೊಡ್ಡ ಗುರುತು ಸಾಲಾಗಿ ಬರ್ತಾವ, ಒಂದನ್ನ ಒತ್ತಿದ್ರ ತೆರೀತದ. ಫೋನಿನ್ಹಂಗಽ ಅದ ಅಂದ್ರು. ಅಕ್ಷರ ದೊಡ್ಡದು ಮಾಡೋದೂ ಸೆಟ್ಟಿಂಗ್ಸಿನ್ಯಾಗ ಒಂದ ಗುಂಡಿ. ವಿಂಡೋಸಿನ ಮೆನು ಅವರು ನೋಡೇ ಇಲ್ಲ, ಅದಕ್ಕ ಕಳಕೊಳ್ಳೋದೂ ಇಲ್ಲ. ನನಗ ತೊಡಕಾಗಿದ್ದು ಅವರಿಗೆ ಸಲೀಸು. ಅಂದ್ರ ಯಾವುದು ಛೊಲೊ ಅನ್ನೋ ಪ್ರಶ್ನಿಗೆ ಕಂಪ್ಯೂಟರ್ ನೋಡಿ ಉತ್ತರ ಸಿಗಂಗಿಲ್ಲ. ಮುಂದ ಕೂಡೋರ ಕೈ ಮೊದಲು ಏನು ಕಲ್ತದ ಅದನ್ನ ನೋಡಬೇಕು. ಈ ಮಾತು ಯಾವ ಹುಡುಗನೂ ಕೇಳಂಗಿಲ್ಲ, ಅವರು ಕೇಳೋದು "ಪ್ರೊಸೆಸರ್ ಯಾವುದು?"

ಪ್ರೊಸೆಸರೂ ಕೇಳಬೇಕು, ಬ್ಯಾಡ ಅಂತಲ್ಲ. 2 ಜಿಬಿ, 4 ಜಿಬಿ ಇದ್ದ ಹಳೇ ಕಂಪ್ಯೂಟರಿಗೆ ಎಕ್ಸ್‌ಎಫ್‌ಸಿಇ ಹಗುರ. ನೋಡ್ಲಿಕ್ಕೆ ಸಾದಾ, ಇಲಿಯ ಚಿತ್ರ ಅದರ ಗುರುತು, ಆದ್ರ ತಡಾ ಮಾಡಂಗಿಲ್ಲ. ಅದರಾಗ ನನಗ ಇನ್ನೊಂದು ಮೆಚ್ಚಿಕಿ ಆತು: ಲಗೂ ಲಗೂ ಬದಲಾಗಂಗಿಲ್ಲ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸಾದು ಬರ್ತದ. ಎಕ್ಸ್‌ಎಫ್‌ಸಿಇ 4.18 ಬಂದಿದ್ದು 2022ರ ಡಿಸೆಂಬರಿನ್ಯಾಗ, 4.20 ಬಂದಿದ್ದು 2024ರ ಡಿಸೆಂಬರಿನ್ಯಾಗ. ಎರಡು ವರ್ಷ ನಮ್ಮನ್ನ ನಮ್ಮ ಪಾಡಿಗೆ ಬಿಟ್ಟಾರ. ಕೆಡಿಇ ಪ್ಲಾಸ್ಮಾ ನಮ್ಮನಿಯವರಿಗೆ ಸೇರ್ತು, ಅವರಿಗೆ ತಿರುವೋ ಕೀಲಿ ಹೆಚ್ಚಿದ್ದಷ್ಟು ಖುಷಿ. ಬಣ್ಣ, ಪಟ್ಟಿ, ಅಕ್ಷರ ಎಲ್ಲಾ ಬೇಕಾದಂಗ ಬದಲಿಸಬಹುದು. ಅದಕ್ಕಽ ಅದನ್ನ ನನ್ನ ಕಂಪ್ಯೂಟರಿಗೆ ಹಾಕಗೊಡಂಗಿಲ್ಲ.

ಇನ್ನ ಸಾಲಿ ವೈನಿಯವರ ಕಥಿ ಕೇಳ್ರಿ. ಅವರು ಯಾರು ಅಂತ ನಿಮಗ ತಿಳೀತದ, ಹೆಸರು ಬ್ಯಾಡ. ರಿಟೈರ್ ಆದ ಮ್ಯಾಲೆ ಅವರವ್ವನ ಹಾಡೆಲ್ಲಾ ಟೈಪ್ ಮಾಡ್ಲಿಕ್ಕತ್ತಿದ್ರು: ಲಗ್ನದ ಹಾಡು, ಬೀಗರ ಹಾಡು, ಗೌರಿ ಹಾಡು. ಎಂಬತ್ತರ ಮ್ಯಾಲೆ ಆಗಿದ್ವು. ಅವರ ಅಣ್ಣನ ಮಗಾ ಬಂದಾವ "ಕಾಕು, ಮೌಸ್ ಹಿಡಿಯೋರು ಈಗ ಯಾರಿದ್ದಾರ" ಅಂತ ಐ3 ಅನ್ನೋದನ್ನ ಹಾಕಿ ಹೋದ. ಅದರಾಗ ಮೆನು ಇಲ್ಲ, ಗುರುತಿಲ್ಲ, ಕಪ್ಪು ಪರದೆ, ಕೆಳಗ ಒಂದು ಗೆರಿ. ಏನು ಬೇಕಂದ್ರೂ ಎರಡು ಕೀಲಿ ಕೂಡಿಸಿ ಒತ್ತಬೇಕು, ಯಾವ ಎರಡು ಅಂತ ನೆನಪಿರಬೇಕು. ಕಿಡಕಿಗಳು ತಾವಽ ಪಾಲು ಹಂಚಿಕೊಂಡು ಕೂಡ್ತಾವ. ಆ ಹುಡುಗನ ಕೆಲಸಕ್ಕ ಅದು ಭಾಳ ಛೊಲೊ ಇರಬಹುದು. ವೈನಿ ಎರಡು ದಿವಸ ಚೀಟಿ ನೋಡಿಕೋತ ಒತ್ತಿದ್ರು. ಮೂರನೇ ದಿವಸ ಕಂಪ್ಯೂಟರಿಗೆ ಕಸೂತಿ ಬಟ್ಟಿ ಹೊಚ್ಚಿದ್ರು. ಈಗ ಅದರ ಮ್ಯಾಲೆ ಫೋನ್ ಚಾರ್ಜರ್, ಔಷಧದ ಡಬ್ಬಿ ಇರ್ತಾವ. "ನನಗ ಬುದ್ಧಿ ಸಾಲದು ತಂಗಿ" ಅಂದ್ರು. ಮೂವತ್ತು ವರ್ಷ ಗಣಿತ ಕಲಿಸಿದವರು ಹಂಗ ಅಂದ್ರು. ಹಾಡು ಅರ್ಧಕ್ಕ ನಿಂತಾವ, ಅವರವ್ವಗ ಈಗ ಎಷ್ಟೋ ಹಾಡಿನ ಎರಡನೇ ಸಾಲು ನೆನಪಾಗವಲ್ದಂತ.

ಇದನ್ನ ಸರಿ ಮಾಡೋದು ಕಷ್ಟ ಇತ್ತೇನು? ಇಲ್ಲಽ ಇಲ್ಲ. ಇದಽ ನನ್ನ ಹೊಟ್ಟಿ ಉರಿಸೋದು. ಒಂದಽ ಕಂಪ್ಯೂಟರಿನ್ಯಾಗ ಎರಡು ಮೂರು ಡೆಸ್ಕ್‌ಟಾಪ್ ಕೂಡೇ ಇರಬಹುದು. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಮಾಡಿ ಕೊಟ್ರ ಮುಗೀತು. ಒಳಗ ಹೋಗೋ ಮುಂದ ಹೆಸರಿನ ಆಸುಪಾಸು ಒಂದು ಸಣ್ಣ ಗುರುತಿರ್ತದ, ಅದನ್ನ ಒತ್ತಿದ್ರ ಯಾವ ಡೆಸ್ಕ್‌ಟಾಪ್ ಬೇಕು ಅಂತ ಕೇಳ್ತದ. ಮುಂದಿನ ಸಲ ಅದನ್ನಽ ನೆನಪಿಟ್ಟುಕೊಳ್ತದ. ನನ್ನ ಮಗಾ ಅವನ ಹೆಸರಿನ್ಯಾಗ ಗ್ನೋಮ್ ಹಾಕಿಕೊಂಡಿದ್ರ ನನಗ ಗೊತ್ತೂ ಆಗ್ತಿರ್ಲಿಲ್ಲ. ಆದ್ರ ಅಂವ ಬಂದು ಕೂತಿದ್ದು ನನ್ನ ಹೆಸರಿನ್ಯಾಗ. ಯಾಕಂದ್ರ ಅವನ ತಲ್ಯಾಗ ಅದು "ಮನಿ ಕಂಪ್ಯೂಟರ್", ಮನಿ ಅಂದ್ರ ಯಾರದೂ ಅಲ್ಲ.

ಒಂದು ತ್ರಾಸ ಅದ, ಅದನ್ನೂ ಹೇಳಿ ಬಿಡ್ತೀನಿ. ಎರಡು ಡೆಸ್ಕ್‌ಟಾಪ್ ಕೂಡಿಸಿದ್ರ ಮೆನುವಿನ್ಯಾಗ ಸಾಮಾನು ಎರಡೆರಡು ಆಗ್ತಾವ. ನನ್ನ ಮೆನುವಿನ್ಯಾಗ ಈಗ "ಫೈಲ್ಸ್" ಅನ್ನೋದು ಎರಡು ಅವ, ಸೆಟ್ಟಿಂಗ್ಸ್ ಎರಡು ಅವ. ಬ್ಯಾಡಾದ್ದನ್ನ ಮರಿ ಮಾಡಬಹುದು, ಮಗಾ ಇನ್ನೂ ಮಾಡಿಲ್ಲ. ಮತ್ತ ಕನ್ನಡ ಬರಿಯೋದು. ಐಬಸ್ ಅಂತ ಒಂದಿರ್ತದ, ಅದರಾಗ ಕಗಪ ಕೀಲಿಮಣಿ ಕೂಡಿಸಿದ್ರ ನಾವು ನುಡಿಯೊಳಗ ಕಲ್ತಂಗಽ ಬರೀಬಹುದು. ಆದ್ರ ಸಿನಮನ್‌ನ್ಯಾಗ ಕೂಡಿಸಿದ್ದು ಗ್ನೋಮಿನ್ಯಾಗ ತಾನಽ ಬರಂಗಿಲ್ಲ, ಅಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಮತ್ತ ಕನ್ನಡ ಸೇರಿಸಬೇಕು. ಭೋಗಿ ದಿವಸ ನನಗ ಹೆಸರು ಮೂಡದಽ ಇದ್ದಿದ್ದು ಇದಕ್ಕಽ. ಡೆಸ್ಕ್‌ಟಾಪ್ ಬದಲಿಸೋರು ಎದ್ದು ಹೋಗೋಕಿಂತ ಮೊದಲು ಕನ್ನಡದಾಗ ಒಂದು ಸಾಲು ಬರದು ತೋರಸಬೇಕು ಅಂತ ನೀವು ಹಟ ಹಿಡೀರಿ. ಅವರು ಇಂಗ್ಲೀಷಿನ್ಯಾಗ ಬರದು "ಎಲ್ಲಾ ನಡೀತದ" ಅಂತ ಎದ್ದು ಹೋಗ್ತಾರ.

ಇನ್ನೊಂದು ನಿಮಗ ಯಾರೂ ಹೇಳಿರಂಗಿಲ್ಲ. ಕಂಪ್ಯೂಟರಿಗೆ ಹಾಕದಽ, ಪೆನ್‌ಡ್ರೈವಿನಿಂದಽ ಹಚ್ಚಿ ನೋಡಬಹುದು. ಒಳಗಿನ ಫೈಲಿಗೆ ಏನೂ ಆಗಂಗಿಲ್ಲ, ಪೆನ್‌ಡ್ರೈವ್ ತೆಗೆದು ಮತ್ತ ಹಚ್ಚಿದ್ರ ಹಳೇದಽ ಬರ್ತದ. ಲಿನಕ್ಸ್ ಮಿಂಟ್ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಮೂರರಾಗೂ ಸಿಗ್ತದ. ಸೀರಿ ಅಂಗಡ್ಯಾಗ ಮೂರು ಹಾಸಿ ನೋಡಿ ಒಂದು ತಗೋತೀವಲ್ಲ, ಹಂಗ ಒಂದು ಮಧ್ಯಾಹ್ನ ಮೂರನ್ನೂ ಹಾಸಸ್ರಿ. ಹುಡುಗ ಬಾಜೂಕ ಕೂಡಬಾರದು, ಚಹಾ ಕುಡಿಲಿಕ್ಕೆ ಹೊರಗ ಕಳಸ್ರಿ. ಅಂವ ಕೂತ್ರ ಅವನ ಕೈ ಮೌಸಿನ ಮ್ಯಾಲೆ ಹೋಗ್ತದ, ಏನೂ ಕಲಿಲಿಕ್ಕೆ ಬಿಡಂಗಿಲ್ಲ. ನೀವು ದಿನಾ ಮಾಡೋ ಕೆಲಸ ಮಾಡಿ ನೋಡ್ರಿ: ಒಂದು ಚಿತ್ರ ತೆಗೀರಿ, ಒಂದು ಸಾಲು ಕನ್ನಡ ಬರೀರಿ, ಉಳಸ್ರಿ, ಮುಚ್ಚಿ ಮತ್ತ ಹುಡಕ್ರಿ. ಪೆನ್‌ಡ್ರೈವಿನ್ಯಾಗ ತಡಾ ಆಗ್ತದ, ಅದು ಪೆನ್‌ಡ್ರೈವಿನ ತಪ್ಪು, ಡೆಸ್ಕ್‌ಟಾಪಿಂದಲ್ಲ.

ನಮ್ಮನಿಯವರು ಇದನ್ನೆಲ್ಲಾ ಓದಿ, "ವಹಿಯೊಳಗ ಬರ್ಕೊಂಡಿದ್ರ ಇಷ್ಟಾಗ್ತಿರ್ಲಿಲ್ಲ, ಕೆಳಗಿನ ಸಾಲಿನ್ಯಾಗ ಫೋಲ್ಡರಿನ ಚಿತ್ರ ಒತ್ತಿದ್ರೂ ಸಿಗ್ತಿತ್ತು, ನಿಂದೂ ತಪ್ಪದ" ಅಂದ್ರು. ಒತ್ತಿದ್ರ ಸಿಗ್ತಿತ್ತು, ಖರೇ. ಮುಂಜಾನೆ 5ಕ್ಕ, ಒಲಿ ಮ್ಯಾಲೆ ನೀರು ಕುದಿಲಿಕ್ಕತ್ತಾಗ ನನಗ ಹೊಳಿಲಿಲ್ಲ. ಅವರ ವಹಿ ಯಾವ ಕಪಾಟಿನ್ಯಾಗ ಅದ ಅಂತ ಅವರು ದಿನಾ ನನ್ನನ್ನಽ ಕೇಳ್ತಾರ, ಅದನ್ನ ಅವರಿಗೆ ನೆನಪು ಮಾಡಿ ಕೊಟ್ಟೆ.

ಈಗ ನಮ್ಮ ಕಂಪ್ಯೂಟರಿನ್ಯಾಗ ಮೂರು ಹೆಸರು ಅವ. ನಂದು ಸಿನಮನ್. ಅತ್ತಿಯವರದು ಗ್ನೋಮ್, ಅಕ್ಷರ ದೊಡ್ಡದು. ಮಗಂದು ಏನದ ಅಂತ ನಾ ಕೇಳಿಲ್ಲ, ತಿಂಗಳಿಗೊಂದು ಬದಲಿಸಲಿ. ನನ್ನ ಪಾಸ್‌ವರ್ಡ್ ಅವಂಗ ಕೊಟ್ಟಿಲ್ಲ. ಅಂವ ಮಾಲಕ ಇದ್ದಂಗ ಅದನ್ನ ದಾಟಿ ಬರಬಹುದಂತ, ಬರಂಗಿಲ್ಲ ಅಂತ ದೇವರ ಮುಂದ ಮಾತು ಕೊಟ್ಟಾನ. ಶಿವರಾತ್ರಿಗೆ ಬರ್ತಾನ. ಬಂದಾಗ ಸಾಲಿ ವೈನಿಯವರ ಮನಿಗೆ ಕರಕೊಂಡು ಹೋಗಿ ಆ ಐ3 ತೆಗೆಸಿ ಎಕ್ಸ್‌ಎಫ್‌ಸಿಇ ಹಾಕಸೋದು ಅಂತ ಆಗೇದ. ವೈನಿ ಹೂಂ ಅಂದಿಲ್ಲ, ಬ್ಯಾಡ ಅಂತನೂ ಅಂದಿಲ್ಲ.

ಮೌಶಿಗೆ ಮರುದಿವಸ 40 ಹೋಳಿಗಿ ಮಾಡಿ ಒಯ್ದಿದ್ದೆ, ರೊಕ್ಕ ತಗೋಲಿಲ್ಲ. ಇಸಕೊಂಡ್ರು, ಕುಂಕುಮ ಹಚ್ಚಿದ್ರು, ಬೀಗರ ಮನ್ಯಾಗ ಏನಂದ್ರು ಅಂತ ಮಾತ್ರ ಹೇಳ್ಲಿಲ್ಲ. ಯುಗಾದಿ ಹೋಳಿಗಿ ಆರ್ಡರ್ ಬ್ಯಾರೆ ಕಡೆ ಕೊಟ್ಟಾರ ಅಂತ ಕೇಳಿದೆ. ನಿಮ್ಮದು ಇದ್ರ ಎಂಟು ದಿವಸ ಮೊದಲಽ ಹೇಳ್ರಿ. ಕಂಪ್ಯೂಟರಿನ್ಯಾಗೂ ಬರೀತೀನಿ, ಅಡಗಿಮನಿ ಗ್ವಾಡಿಗೆ ಒಂದು ಹಾಳಿನೂ ಅಂಟಿಸಿಟ್ಟೀನಿ.